ಅಡುಗೆಮನೆ ಚಿಮಣಿ ಸರ್ವಿಸ್ ಮತ್ತು ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೆ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ. ಹೊಗೆ ಹೋಗುವುದಕ್ಕೆ ಮಾಡಿನಲ್ಲಿ ಬೆಳಕಿಂಡಿ ಇರುತ್ತಿತ್ತು, ಅದನ್ನು ಯಾರೂ ಸರ್ವಿಸ್ ಮಾಡಿಸುತ್ತಿರಲಿಲ್ಲ. ಈಗ ಆ ಹೆಸರು ಗ್ಯಾಸ್ ಒಲೆಯ ಮೇಲೆ ಗೋಡೆಗೆ ತೂಗುವ ಫ್ಯಾನ್ ಪೆಟ್ಟಿಗೆಗೆ ಬಂದಿದೆ. ಮನೆಯವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಕೊನೆಯಲ್ಲಿ ಊರಿನ ಸೌದೆ ಒಲೆಯ ಹೊಗೆಕೊಳವೆಯ ಬಗ್ಗೆಯೂ ಒಂದು ಉತ್ತರವಿದೆ.

## ಮೊದಲು ತಿಳಿಯಬೇಕಾದ್ದು

ಫಿಲ್ಟರ್ ನಾನೇ ತೊಳೀತೀನಿ. ಆಮೇಲೂ ಸರ್ವಿಸ್‌ನವರನ್ನ ಕರೆಸಬೇಕಾ?

ಕರೆಸಬೇಕು. ಫಿಲ್ಟರ್ ತೊಳೆದರೆ ಚಿಮಣಿ ತೊಳೆದಂತಾಗುವುದಿಲ್ಲ. ಒಗ್ಗರಣೆಯಿಂದ ಏಳುವ ಎಣ್ಣೆಯಲ್ಲಿ ದಪ್ಪ ಹನಿಗಳನ್ನಷ್ಟೇ ಫಿಲ್ಟರ್ ಹಿಡಿಯುತ್ತದೆ. ಆವಿಯಾಗಿ ಹೋದ ಎಣ್ಣೆ ಅದನ್ನು ದಾಟಿ, ಒಳಗಿನ ತಣ್ಣನೆ ಲೋಹ ಸಿಕ್ಕಲ್ಲಿ ಕೂರುತ್ತದೆ: ಬ್ಲೋವರ್ (ಗಾಳಿ ಎಳೆಯುವ ಫ್ಯಾನ್) ಚಕ್ರದ ಎಲೆಗಳ ಮೇಲೆ, ಅದರ ಗೂಡಿನಲ್ಲಿ, ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಮೇಲಿನ ಫ್ಲಾಪ್‌ನಲ್ಲಿ, ಪೈಪಿನ ತಿರುವುಗಳಲ್ಲಿ.

ಹೊಸ ಜಿಡ್ಡು ಮೆತ್ತಗಿರುತ್ತದೆ, ಒರೆಸಿದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಸಿ ಮತ್ತು ಗಾಳಿಗೆ ಒಡ್ಡಿಕೊಂಡರೆ ಅದು ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಕಬ್ಬಿಣದ ದೋಸೆ ಕಾವಲಿ ಹದಕ್ಕೆ ಬರುವುದು ಇದೇ ಕ್ರಿಯೆಯಿಂದ. ಕಾವಲಿಯಲ್ಲಿ ನಮಗೆ ಬೇಕಾದ ಪದರ ಬ್ಲೋವರ್‌ನಲ್ಲಿ ಬೇಡ, ಅಷ್ಟೇ ವ್ಯತ್ಯಾಸ. ಆ ಪದರವನ್ನು ಸೋಪಿನ ನೀರು ಬಿಡಿಸುವುದಿಲ್ಲ. ಚಕ್ರ ಬಿಚ್ಚಿ ನೆನೆಸಿಯೇ ತೆಗೆಯಬೇಕು.

ಎಷ್ಟು ದಿನಕ್ಕೊಮ್ಮೆ ಏನೇನು ಮಾಡಬೇಕು?

ಇದು ನೀವು ಏನು ಅಡುಗೆ ಮಾಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ದಿನಕ್ಕೆರಡು ಒಗ್ಗರಣೆ, ವಾರಕ್ಕೊಮ್ಮೆ ಕರಿಯುವ ಮನೆಯಲ್ಲಿ ಅಲ್ಯೂಮಿನಿಯಂ ಜಾಲರಿ ಫಿಲ್ಟರನ್ನು 10–15 ದಿನಕ್ಕೊಮ್ಮೆ, ಸ್ಟೀಲಿನ ಬಾಗಿದ ಪಟ್ಟಿಗಳಿರುವ ಬ್ಯಾಫಲ್ ಫಿಲ್ಟರನ್ನು 3–4 ವಾರಕ್ಕೊಮ್ಮೆ ತೊಳೆಯಿರಿ. ಎಣ್ಣೆ ಬಟ್ಟಲನ್ನು ವಾರಕ್ಕೊಮ್ಮೆ ನೋಡಿ. ಬ್ಲೋವರ್ ಬಿಚ್ಚಿ ಮಾಡುವ ಸರ್ವಿಸ್ ವರ್ಷಕ್ಕೊಂದು ಸಾಕು. ದಿನವೂ ಮೀನು ಹುರಿಯುವ, ಬೋಂಡ ಬಜ್ಜಿ ಕರಿಯುವ ಮನೆಯಾದರೆ ಆರು ತಿಂಗಳಿಗೊಂದು. ಪೈಪನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ.

ಕ್ಯಾಲೆಂಡರ್‌ಗಿಂತ ನಂಬಬಹುದಾದ ಗುರುತು ಒಂದಿದೆ. ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ಬ್ಲೋವರ್ ಬಾಯಿಯನ್ನು ನೋಡಿ. ಎಲೆಗಳ ನಡುವಿನ ಸಂದು ಬಿಡಿಬಿಡಿಯಾಗಿ ಕಾಣದಿದ್ದರೆ ದಿನ ಎಣಿಸುತ್ತಾ ಕೂರಬೇಡಿ.

ಫಿಲ್ಟರ್ ತೊಳೆಯೋಕೆ ಕಾಸ್ಟಿಕ್ ಸೋಡಾ ಹಾಕಬಹುದಾ? ಬೇಗ ಬಿಡುತ್ತೆ ಅಂತಾರೆ.

ಜಾಲರಿ ಫಿಲ್ಟರಿಗೆ ಖಂಡಿತ ಬೇಡ. ಅಲ್ಯೂಮಿನಿಯಂ ಮತ್ತು ಕಾಸ್ಟಿಕ್ ಸೇರಿದರೆ ನೊರೆ ಉಕ್ಕಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದು ಉರಿಯುವ ಅನಿಲ. ಜಾಲರಿಯೂ ಕಪ್ಪಾಗಿ ಸವೆದುಹೋಗುತ್ತದೆ. ಬಟ್ಟೆ ಸೋಡಾ ಕೂಡ ಅಲ್ಯೂಮಿನಿಯಂ ಹೊಳಪು ಕೆಡಿಸುತ್ತದೆ. ಸ್ಟೀಲಿನ ಬ್ಯಾಫಲ್‌ಗೆ ಸರ್ವಿಸ್‌ನವರು ತೆಳು ಕಾಸ್ಟಿಕ್ ಬಳಸುವುದುಂಟು, ಆದರೆ ಅದು ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲಿ ಮಾಡುವ ಕೆಲಸ. ಆಗಲೂ ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಅಗಲವಾದ ಟಬ್ಬಿನಲ್ಲಿ ಕೈ ಇಡಲಾಗದಷ್ಟು ಬಿಸಿನೀರು, ಎರಡು ಚಮಚ ಪಾತ್ರೆ ತೊಳೆಯುವ ದ್ರವ, ಬ್ಯಾಫಲ್ ಆದರೆ ಜೊತೆಗೆ ಮೂರು ದೊಡ್ಡ ಚಮಚ ಅಡುಗೆ ಸೋಡಾ. ಅರ್ಧ ಗಂಟೆ ನೆನೆಸಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಲ್ಲೇ ಜಾಲಾಡಿಸಿ. ಪೂರ್ತಿ ಒಣಗಿದ ಮೇಲೆ ಹಾಕಿ. ಒದ್ದೆ ಫಿಲ್ಟರಿನ ನೀರು ಬ್ಲೋವರ್‌ಗೆ ಎಳೆಯಲ್ಪಡುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ಡು, ಬ್ಲೀಚು ಸ್ಟೀಲಿಗೂ ಆಗದು, ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ಆಟೋ ಕ್ಲೀನ್ ತಗೊಂಡ್ರೆ ಜನ್ಮದಲ್ಲಿ ಸರ್ವಿಸ್ ಬೇಡ ಅಂದ್ರು ಅಂಗಡಿಯವರು. ನಿಜವಾ?

ಅರ್ಧ ನಿಜ. ಹೆಚ್ಚಿನ ಆಟೋ ಕ್ಲೀನ್ ಮಾದರಿಗಳಲ್ಲಿ ಬ್ಲೋವರ್ ಗೂಡಿನ ಸುತ್ತ ಹೀಟರ್ ಸುರುಳಿ ಇರುತ್ತದೆ. ಗುಂಡಿ ಒತ್ತಿದರೆ ಗೂಡು ಕಾದು, ಜಿಡ್ಡು ಕರಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಕರಗುವುದು ಮೆತ್ತಗಿರುವ ಜಿಡ್ಡು ಮಾತ್ರ. ಹತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಒತ್ತಿದರೆ ಪ್ರಯೋಜನವುಂಟು, ವರ್ಷಕ್ಕೊಮ್ಮೆ ನೆನಪಾಗಿ ಒತ್ತಿದರೆ ಗಟ್ಟಿಯಾದ ಪದರ ಅಲುಗುವುದಿಲ್ಲ. ಪೈಪಿಗಂತೂ ಈ ಶಾಖ ತಲುಪುವುದೇ ಇಲ್ಲ. ಸರ್ವಿಸ್ ನಡುವಿನ ಅಂತರ ಹೆಚ್ಚುತ್ತದೆ, ಸರ್ವಿಸ್ ತಪ್ಪುವುದಿಲ್ಲ.

ನಮ್ಮದು ಪೈಪೇ ಇಲ್ಲದ ಚಿಮಣಿ. ಅದಕ್ಕೇನು ಮಾಡಿಸಬೇಕು?

ಅದು ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಸೆಕೆ, ಆವಿ ಒಳಗೇ ಉಳಿಯುತ್ತವೆ. ಇದ್ದಿಲು ಫಿಲ್ಟರನ್ನು ಸಾಮಾನ್ಯವಾಗಿ ತೊಳೆಯಲು ಬರುವುದಿಲ್ಲ, 3–6 ತಿಂಗಳಿಗೊಮ್ಮೆ ಬದಲಾಯಿಸಬೇಕು. ಹೊರಗೋಡೆಗೆ ದಾರಿ ಇದ್ದರೆ ಪೈಪು ಹಾಕಿಸಿಬಿಡುವುದೇ ಮೇಲು.

## ಸರ್ವಿಸ್ ಮಾಡಿಸುವ ದಿನ

ಸರಿಯಾದ ಸರ್ವಿಸ್ ಅಂದ್ರೆ ಏನೇನು? ನಮ್ಮಲ್ಲಿ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿ ಹೋದ್ರು.

ಇಪ್ಪತ್ತು ನಿಮಿಷದಲ್ಲಿ ಆಗುವುದು ಹೊರಮೈ ಒರೆಸಾಟ. ಬ್ಲೋವರ್ ಬಿಚ್ಚಿ ಮಾಡುವ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ಜಿಡ್ಡು ಹಳೆಯದಾದರೆ ಎರಡು.

ಬಂದವರು ಮೊದಲು ಚಿಮಣಿಯನ್ನು ಓಡಿಸಿ ಸದ್ದು ಕೇಳಬೇಕು, ಮೂರೂ ವೇಗ ಪರೀಕ್ಷಿಸಬೇಕು. ಮೊದಲೇ ಇದ್ದ ದೋಷ ಯಾವುದು, ಆಮೇಲೆ ಬಂದದ್ದು ಯಾವುದು ಎಂಬ ಜಗಳ ಇದರಿಂದ ತಪ್ಪುತ್ತದೆ. ಬಳಿಕ ಪ್ಲಗ್ ಕಿತ್ತು ಅಥವಾ ಎಂಸಿಬಿ (ಕರೆಂಟು ಕಡಿಯುವ ಸುರಕ್ಷತಾ ಸ್ವಿಚ್) ಇಳಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಕಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಗುಂಡಿ ಒತ್ತಿ ಆರಿಸಿದರೆ ಸಾಲದು, ಒಳಗಿನ ಬೋರ್ಡಿಗೆ ಕರೆಂಟು ಇದ್ದೇ ಇರುತ್ತದೆ.

ಫಿಲ್ಟರ್ ಮತ್ತು ಬಟ್ಟಲು ತೆಗೆದು ನೆನೆಹಾಕಿದ ಮೇಲೆ ಬ್ಲೋವರ್ ಚಕ್ರದ ಸರದಿ. ಅನೇಕ ಮಾದರಿಗಳಲ್ಲಿ ಚಕ್ರದ ನಡುವಿನ ನಟ್ಟಿಗೆ ಎಡಮರೆ ಇರುತ್ತದೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದವರು ಎಡಕ್ಕೆ ಒತ್ತಿ ತಿರುಗಿಸಿ ಮೋಟಾರಿನ ದಂಡವನ್ನೋ ಪ್ಲಾಸ್ಟಿಕ್ ಚಕ್ರದ ಗುಬುಟನ್ನೋ ಮುರಿದಿಡುತ್ತಾರೆ. ಚಕ್ರದ ಅಂಚಿನಲ್ಲಿ ಸಣ್ಣ ಲೋಹದ ಕ್ಲಿಪ್ಪುಗಳಿದ್ದರೆ ಅವನ್ನು ಕಸವೆಂದು ಕೀಳಬಾರದು. ಸಮತೋಲಕ್ಕೆಂದು ಕಾರ್ಖಾನೆಯಲ್ಲಿ ಹಾಕಿದ ತೂಕ ಅವು, ಕಿತ್ತರೆ ಚಿಮಣಿ ನಡುಗುತ್ತದೆ.

ಮೋಟಾರು, ಅದನ್ನು ತಿರುಗಲು ಹಚ್ಚುವ ಕೆಪಾಸಿಟರು, ಸ್ವಿಚ್ ಬೋರ್ಡಿನ ಮೇಲೆ ದ್ರವ ಸಿಂಪಡಿಸುವಂತಿಲ್ಲ, ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಸರ್ವಿಸ್ ಮುಗಿದ ಮಾರನೇ ದಿನ ಟಚ್ ಗುಂಡಿ ಕೆಡುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಚಕ್ರ ಹೊರಗಿರುವಾಗಲೇ ಗೂಡಿನ ಒಳಮೈ ಕೆರೆದು ಒರೆಸಿ, ವೈರಿನ ತುದಿಗಳು ಸುಟ್ಟಿವೆಯೇ, ಅರ್ತ್ ವೈರ್ ಗಟ್ಟಿಯಿದೆಯೇ, ಫ್ಲಾಪ್ ಸಲೀಸಾಗಿ ಆಡುತ್ತದೆಯೇ ನೋಡಬೇಕು. ಪೈಪಿನ ಮೊದಲ ಗಂಟು ಬಿಚ್ಚಿ ಒಳಗೆ ಟಾರ್ಚ್ ಬಿಡಬೇಕು. ಎಲ್ಲ ಒಣಗಿದ ಮೇಲಷ್ಟೇ ಜೋಡಣೆ.

ಕೆಲಸ ಚೆನ್ನಾಗಿ ಆಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಬಿಚ್ಚಿದಾಗ ಒಂದು, ಜೋಡಿಸುವ ಮೊದಲು ಒಂದು ಹೀಗೆ ಬ್ಲೋವರಿನ ಫೋಟೋ ತೆಗೆದು ತೋರಿಸಲು ಮೊದಲೇ ಹೇಳಿಡಿ. ಕೆಲಸದ ಗುಣಮಟ್ಟ ಅರ್ಧ ಅಲ್ಲೇ ಏರುತ್ತದೆ. ಕೊನೆಗೆ ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ ಹಾಕಿ ಒಂದು ಹಾಳೆ ಪೇಪರನ್ನು ಫಿಲ್ಟರಿಗೆ ಹಿಡಿದು ಕೈಬಿಡಿ, ಅಂಟಿ ನಿಲ್ಲಬೇಕು. ಗರಿಷ್ಠ ವೇಗದಲ್ಲಿ ಹಾಳಾದ ಚಿಮಣಿಯೂ ಪೇಪರ್ ಹಿಡಿದೀತು, ಹಾಗಾಗಿ ಆ ಪರೀಕ್ಷೆ ನೆಚ್ಚಬೇಡಿ. ಇನ್ನೊಬ್ಬರು ಹೊರಗೆ ಹೋಗಿ ಪೈಪಿನ ಬಾಯಲ್ಲಿ ಗಾಳಿ ಬರುತ್ತಿದೆಯೇ ನೋಡಲಿ. ಒಳಗೆ ಎಳೆದು ಹೊರಗೆ ಬರದಿದ್ದರೆ ನಡುವೆ ಎಲ್ಲೋ ಗಂಟು ಬಿಟ್ಟಿದೆ, ಜಿಡ್ಡಿನ ಗಾಳಿ ಫಾಲ್ಸ್ ಸೀಲಿಂಗ್ ಒಳಗೆ ತುಂಬುತ್ತಿದೆ ಎಂದರ್ಥ.

"ಮೋಟಾರ್ ಹೋಗಿದೆ, ಬದಲಾಯಿಸಬೇಕು" ಅಂತಾರೆ. ನಂಬೋದಾ?

ಸದ್ದು ಕೇಳಿ ನೀವೇ ಅರ್ಧ ಅಂದಾಜು ಮಾಡಬಹುದು. ಗುಂಯ್ ಎನ್ನುತ್ತದೆ ಆದರೆ ತಿರುಗುವುದಿಲ್ಲ, ಪ್ಲಗ್ ಕಿತ್ತು ಕೈಯಿಂದ ಚಕ್ರ ತಿರುಗಿಸಿದರೆ ಹಗುರಾಗಿ ಸುತ್ತುತ್ತದೆ ಎಂದಾದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಮೋಟಾರಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಸಾಮಾನು. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯದ್ದೇ ಹೊಸದಾಗಿ ಹಾಕಬೇಕು. ಕೈಗೂ ತಿರುಗದಿದ್ದರೆ ಜಿಡ್ಡು ಹಿಡಿದಿದೆ ಅಥವಾ ಬೇರಿಂಗ್ ಕಚ್ಚಿದೆ. ಓಡುವಾಗ ಇಡೀ ಪೆಟ್ಟಿಗೆ ನಡುಗಿದರೆ ಚಕ್ರದ ಒಂದು ಕಡೆ ಜಿಡ್ಡು ಕೂತು ತೂಕ ತಪ್ಪಿದೆ. ಕಿರ್ ಕಿರ್ ಸದ್ದು ಬೇರಿಂಗ್ ಅಥವಾ ಬುಷ್ ಸವೆತ. ಗಾಳಿ ಬೀಸಿದಾಗ ಮಾತ್ರ ಪಟಪಟ ಎಂದರೆ ಅದು ಹೊರಗಿನ ಮುಚ್ಚಳ, ಮೋಟಾರಿಗೆ ಸಂಬಂಧವೇ ಇಲ್ಲ.

ಸುಟ್ಟ ವಾಸನೆ ಬಂದು ಎಂಸಿಬಿ ಬಿದ್ದರೆ ಮಾತ್ರ ಮೋಟಾರಿನ ತಂತಿ ಸುರುಳಿ ಸುಟ್ಟಿರುವ ಸಾಧ್ಯತೆ ದೊಡ್ಡದು. ಆಗಲೂ ಮೀಟರ್ ಹಿಡಿದು ತೋರಿಸಲು ಹೇಳಿ, ಬಿಲ್ಲಿನಲ್ಲಿ ಬಿಡಿಭಾಗದ ಹೆಸರು ಬರೆಸಿ, ತೆಗೆದ ಹಳೆಯ ಭಾಗವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಹಳೆಯದು ಕೊಡುವುದಿಲ್ಲ ಎಂದು ಹಟ ಹಿಡಿದರೆ ಅದೇ ಉತ್ತರ.

ನೆಟ್‌ನಲ್ಲಿ ಹುಡುಕಿದಾಗ ಸಿಗೋ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಬಹುದಾ?

ಬೇಡ. ಹುಡುಕಾಟದಲ್ಲಿ ಮೇಲೆ ಬರುವ ನಂಬರು ಕಂಪನಿಯದ್ದೇ ಎಂಬ ಖಾತ್ರಿಯಿಲ್ಲ. ವಾರಂಟಿ ಕಾರ್ಡಿನಲ್ಲಿ ಅಥವಾ ಚಿಮಣಿಗೆ ಅಂಟಿಸಿದ ಚೀಟಿಯಲ್ಲಿ ಇರುವುದನ್ನೇ ಬಳಸಿ. ಬುಕಿಂಗ್‌ಗೆಂದು ಒಟಿಪಿ ಕೇಳುವವರು, ಫೋನಿಗೆ ಆ್ಯಪ್ ಹಾಕಿಸುವವರು ಸರ್ವಿಸ್‌ನವರಲ್ಲ. ವಾರಂಟಿ ಇರುವಾಗ ಹೊರಗಿನವರಿಂದ ಬಿಚ್ಚಿಸಿದರೆ ಅದು ರದ್ದಾಗಬಹುದು ಎಂಬುದೂ ನೆನಪಿರಲಿ.

## ಪೈಪು, ಗಾಳಿ, ಮಳೆ

1200 ಸಕ್ಷನ್ ಇರೋ ಚಿಮಣಿ. ಆದ್ರೂ ಮೆಣಸಿನಕಾಯಿ ಘಾಟು ಹಾಲ್‌ವರೆಗೂ ಬರುತ್ತೆ. ಯಾಕೆ?

ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಎದುರಿಗೆ ತಡೆಯಿಲ್ಲದಾಗ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂಬುದು. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯಲ್ಲಿರುವ ಗಾಳಿ ಸುಮಾರು 22.6 ಘನ ಮೀಟರ್. ಗಂಟೆಗೆ ಹನ್ನೆರಡು ಸಲ ಅದನ್ನು ಬದಲಾಯಿಸಿದರೂ 270ರ ಆಸುಪಾಸು ಸಾಕು. ಅಂದಮೇಲೆ ಶಕ್ತಿಯ ಕೊರತೆಯಲ್ಲ, ದಾರಿಯ ತೊಂದರೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು: ಚಿಮಣಿಯ ಬಾಯಿ 6 ಇಂಚು, ಗೋಡೆಯ ತೂತು 4 ಇಂಚು ಎಂದು ನಡುವೆ ರೆಡ್ಯೂಸರ್ ಹಾಕಿರುವುದು. ಹಾಗೆ ಮಾಡಿದರೆ ಗಾಳಿಯ ದಾರಿ ಶೇ. 44ಕ್ಕೆ ಇಳಿಯುತ್ತದೆ, ಸದ್ದು ಮಾತ್ರ ಏರುತ್ತದೆ. 6 ಇಂಚಿನ ಪೈಪಿನಲ್ಲೇ ಸುತ್ತಲೂ ಅರ್ಧ ಇಂಚು ಜಿಡ್ಡು ಕೂತರೆ ದಾರಿಯ ಮೂರರಲ್ಲೊಂದು ಭಾಗದಷ್ಟು ಹೋದಂತೆ. 90 ಡಿಗ್ರಿಯ ತಿರುವು ಎರಡಕ್ಕಿಂತ ಹೆಚ್ಚು ಬೇಡ.

ಆಮೇಲೆ ಎತ್ತರ. ಒಲೆಯಿಂದ 24–30 ಇಂಚಿನೊಳಗೆ, ಕೈಪಿಡಿ ಹೇಳಿದಷ್ಟಕ್ಕೆ ಸರಿಯಾಗಿರಲಿ. ನಾಲ್ಕು ಬರ್ನರಿನ ಅಗಲ ಒಲೆಗೆ 60 ಸೆಂಟಿಮೀಟರ್ ಚಿಮಣಿ ಹಾಕಿದರೆ ಅಂಚಿನ ಬರ್ನರುಗಳ ಹೊಗೆ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಒಗ್ಗರಣೆಗೆ ಎರಡು ನಿಮಿಷ ಮೊದಲೇ ಹಾಕಿ, ಮುಗಿದ ಮೇಲೆ ಹತ್ತು ನಿಮಿಷ ಬಿಡಿ. ಎಲ್ಲ ಕಿಟಕಿ ಬಾಗಿಲು ಮುಚ್ಚಿದ್ದರೆ ಚಿಮಣಿ ಎಳೆಯುವುದಾದರೂ ಏನನ್ನು? ಒಲೆಯಿಂದ ದೂರದ ಒಂದು ಕಿಟಕಿ ಚೂರು ತೆರೆದಿರಲಿ. ಒಲೆ ಪಕ್ಕದ ಕಿಟಕಿಯ ಅಡ್ಡಗಾಳಿ ಮಾತ್ರ ಹೊಗೆಯನ್ನು ಚದುರಿಸುತ್ತದೆ.

ಪೈಪ್ ಒಳಗೆ ಕ್ಲೀನ್ ಮಾಡಿಸೋಕೆ ಆಗುತ್ತಾ?

ಅಕಾರ್ಡಿಯನ್‌ನಂತೆ ಹಿಗ್ಗುವ ಅಲ್ಯೂಮಿನಿಯಂ ಫಾಯಿಲ್ ಪೈಪನ್ನು ಉಜ್ಜಬೇಡಿ. ಬ್ರಷ್ ತಾಗಿದರೆ ಹರಿಯುತ್ತದೆ, ಮಡಿಕೆಗಳೊಳಗಿನ ಜಿಡ್ಡು ಹೇಗೂ ಉಳಿಯುತ್ತದೆ. ಅದನ್ನು ಬದಲಾಯಿಸುವುದೇ ಅಗ್ಗ. ಹೊಸದನ್ನು ಪೂರ್ತಿ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಜೋಲು ಬೀಳದಂತೆ ಕಟ್ಟಬೇಕು. ಜೋಲು ಬಿದ್ದಲ್ಲಿ ಎಣ್ಣೆ ಕೆರೆ ಕಟ್ಟುತ್ತದೆ. ಗಂಟುಗಳಿಗೆ ಸೆಲೋ ಟೇಪ್ ನಿಲ್ಲುವುದಿಲ್ಲ, ಅಲ್ಯೂಮಿನಿಯಂ ಟೇಪ್ ಮತ್ತು ಕ್ಲಾಂಪ್ ಬೇಕು. ಗಟ್ಟಿ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಸ್ಟೀಲ್ ಪೈಪಾದರೆ ಬಿಚ್ಚಿ, ನೆನೆಸಿ, ಬ್ರಷ್ ಹಾಕಿ ಮತ್ತೆ ಬಳಸಬಹುದು. ಪಿವಿಸಿ ಪೈಪು ಅಗ್ಗವೆಂದು ಹಾಕುತ್ತಾರೆ, ಆದರೆ ಒಲೆಯಿಂದ ಬೆಂಕಿ ಮೇಲೆ ಹೋದರೆ ಅದು ಮೆತ್ತಗಾಗಿ ವಿಷದ ಹೊಗೆ ಬಿಡುತ್ತದೆ. ಇದ್ದರೆ ತೆಗೆಸಿ.

ಮಳೆಗಾಲದಲ್ಲಿ ಒಲೆ ಮೇಲೆ ಕಂದು ಹನಿ ಬೀಳುತ್ತೆ. ನೀರಾ, ಎಣ್ಣೆಯಾ?

ಎರಡೂ ಸೇರಿದ್ದು. ಹೊರಬಾಯಿಯಿಂದ ಒಳಬಂದ ಮಳೆನೀರು ಪೈಪಿನ ಜಿಡ್ಡು, ತುಕ್ಕು ತೊಳೆದುಕೊಂಡು ಇಳಿಯುತ್ತದೆ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಿರಬೇಕು, ತುದಿಯಲ್ಲಿ ಕೆಳಮುಖದ ಟೊಪ್ಪಿ ಇರಬೇಕು, ಗೋಡೆಯ ತೂತಿನ ಸುತ್ತ ಸಂದು ಮುಚ್ಚಿರಬೇಕು. ಕರಾವಳಿಯ ಉಪ್ಪುಗಾಳಿಗೆ ಟೊಪ್ಪಿಯ ಫ್ಲಾಪಿನ ತಿರುಗುಣಿ ತುಕ್ಕು ಹಿಡಿದು ಅರ್ಧ ತೆರೆದೇ ನಿಂತುಬಿಡುತ್ತದೆ, ಮೇ ತಿಂಗಳಲ್ಲೇ ನೋಡಿಸಿ. ಬೆಂಗಳೂರಿನಲ್ಲಾದರೆ ಪಾರಿವಾಳದ ಗೂಡು. ಜಾಲರಿ ಹಾಕಿಸುವಾಗ ಕಣ್ಣು ತೀರಾ ಸಣ್ಣದಿರಬಾರದು, ಸೊಳ್ಳೆ ಜಾಲರಿ ಹಾಕಿದರೆ ಕೆಲವೇ ವಾರದಲ್ಲಿ ಜಿಡ್ಡು ಕಟ್ಟಿ ಗೋಡೆಯಾಗುತ್ತದೆ.

ಪಕ್ಕದ ಮನೆ ಮೀನಿನ ವಾಸನೆ ನಮ್ಮ ಚಿಮಣಿಯಿಂದ ಬರುತ್ತೆ.

ಅಪಾರ್ಟ್‌ಮೆಂಟಿನಲ್ಲಿ ಹಲವು ಮನೆಗಳ ಪೈಪು ಒಂದೇ ಶಾಫ್ಟಿಗೆ ಬಿದ್ದಿರುತ್ತದೆ. ಅವರ ಚಿಮಣಿ ಓಡಿ ನಿಮ್ಮದು ನಿಂತಿದ್ದಾಗ ಗಾಳಿ ನಿಮ್ಮ ಕಡೆ ತಿರುಗುತ್ತದೆ. ತಡೆಯಬೇಕಾದ್ದು ಚಿಮಣಿಯ ತಲೆಯಲ್ಲಿರುವ ಹಿಮ್ಮುಖ ಫ್ಲಾಪ್. ಅದು ಜಿಡ್ಡಿಗೆ ಅಂಟಿ ತೆರೆದು ನಿಂತಿರುತ್ತದೆ, ಅಥವಾ ಹಾಕುವಾಗಲೇ ಬಿಟ್ಟಿರುತ್ತಾರೆ. ಶಾಫ್ಟನ್ನೇ ತೊಳೆಸುವುದು ಸಂಘದ ಕೆಲಸ.

## ಅಪಾಯದ ಪ್ರಶ್ನೆಗಳು

ಗ್ಯಾಸ್ ವಾಸನೆ ಬಂದ್ರೆ ಚಿಮಣಿ ಹಾಕಿದ್ರೆ ಹೊರಗೆ ಹೋಗುತ್ತಾ?

ಹಾಕಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಚಿಮಣಿ ಇರುವುದು ಎದೆಯೆತ್ತರಕ್ಕಿಂತ ಮೇಲೆ. ಸ್ವಿಚ್ ಒತ್ತಿದಾಗಿನ ಒಂದು ಕಿಡಿ ಸಾಕು. ಓಡುತ್ತಿದ್ದರೆ ಅದನ್ನು ಆರಿಸಲೂ ಹೋಗಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು ಎಲ್‌ಪಿಜಿ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಗ್ಯಾಸ್ ಗೀಸರ್ ಇದೆ. ಚಿಮಣಿಗೂ ಅದಕ್ಕೂ ಏನು ಸಂಬಂಧ?

ಹೆಚ್ಚಿನವರು ಕೇಳದೇ ಇರುವ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು. ಚಿಮಣಿ ಹೊರದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಮನೆಯೊಳಗೆ ಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದರೆ ಗೀಸರಿನ ಹೊಗೆಕೊಳವೆಯ ಮೂಲಕ ಹಿಂದಕ್ಕೆ ಎಳೆಯಬಹುದು. ಆಗ ಹೊರಗೆ ಹೋಗಬೇಕಿದ್ದ ಕಾರ್ಬನ್ ಮಾನಾಕ್ಸೈಡ್ ಸ್ನಾನದ ಮನೆಯಲ್ಲೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಪ್ರಜ್ಞೆ ತಪ್ಪುತ್ತದೆ. ಗ್ಯಾಸ್ ಗೀಸರ್ ಇರಬೇಕಾದ್ದು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ. ಚಿಮಣಿ ಓಡುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ.

ಚಿಮಣಿಗೆ ಬೆಂಕಿ ಹತ್ತುತ್ತಾ?

ಹತ್ತುತ್ತದೆ. ಜಿಡ್ಡು ತುಂಬಿದ ಫಿಲ್ಟರಿನ ಕೆಳಗೆ ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ಪಾತ್ರೆಯಿಲ್ಲದೆ ದೊಡ್ಡ ಉರಿ ಬಿಟ್ಟು ಹೋಗುವುದು ಇದಕ್ಕೆ ಆಹ್ವಾನ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ಗ್ಯಾಸ್ ಆರಿಸಿ, ಚಿಮಣಿ ಆರಿಸಿ, ದೊಡ್ಡ ತಟ್ಟೆ ಮುಚ್ಚಿ. ಚಿಮಣಿ ಓಡುತ್ತಿದ್ದರೆ ಉರಿಯನ್ನು ಪೈಪಿನೊಳಗೆ ಎಳೆಯುತ್ತದೆ. ನೀರು ಹಾಕಿದರೆ ಅದು ತಳಕ್ಕಿಳಿದು ಕ್ಷಣದಲ್ಲಿ ಹಬೆಯಾಗಿ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಸಿಡಿಸುತ್ತದೆ. ಬೆಂಕಿ ಪೈಪಿಗೆ ಹೋಗಿದ್ದರೆ ಮೇನ್ ಇಳಿಸಿ ಎಲ್ಲರೂ ಹೊರಗೆ ಬನ್ನಿ, 112 ಅಥವಾ 101ಕ್ಕೆ ಕರೆ ಮಾಡಿ.

## ಇನ್ನೆರಡು

ಚಿಮಣಿ ಇರೋ ಹಳೇ ಮನೆಗೆ ಹೋಗ್ತಿದ್ದೀವಿ. ಏನು ನೋಡ್ಕೋಬೇಕು?

ಫಿಲ್ಟರ್ ತೆಗೆದು ಬ್ಲೋವರ್ ನೋಡಿ. ಪೈಪು ನಿಜಕ್ಕೂ ಹೊರಗೆ ಹೋಗಿದೆಯೇ, ಸೀಲಿಂಗ್ ಒಳಗೇ ನಿಂತಿದೆಯೇ ಖಚಿತಪಡಿಸಿಕೊಳ್ಳಿ. ಇದು ತಮಾಷೆಯಲ್ಲ, ಮರಗೆಲಸ ಮುಗಿದ ಮೇಲೆ ಯಾರಿಗೂ ಕಾಣದ ಜಾಗ ಅದು. ಸಾಕೆಟ್ ಮೂರು ಪಿನ್ನಿನದೇ, ಅರ್ತ್ ಬರುತ್ತಿದೆಯೇ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ. ಬಾಡಿಗೆಯಾದರೆ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಡಿ.

ಊರಲ್ಲಿ ಬಚ್ಚಲು ಒಲೆಗೆ ಹೊಗೆಕೊಳವೆ ಇದೆ. ಅದಕ್ಕೂ ಇದೇ ಕ್ರಮವಾ?

ಅಲ್ಲ. ಅಲ್ಲಿ ಕೂರುವುದು ಎಣ್ಣೆ ಜಿಡ್ಡಲ್ಲ, ಮಸಿ ಮತ್ತು ಟಾರಿನಂಥ ಅಂಟು. ಹಸಿ ಸೌದೆ, ಒದ್ದೆ ತೆಂಗಿನ ಸಿಪ್ಪೆ ಹಾಕಿ ಹಂಡೆಯ ಕೆಳಗೆ ಮಂದವಾಗಿ ಉರಿಸಿದಾಗ ಹೊಗೆಯ ಟಾರು ತಣ್ಣನೆ ಕೊಳವೆಯ ಒಳಮೈಗೆ ಹಿಡಿಯುತ್ತದೆ. ಪುಡಿಮಸಿ ಬ್ರಷ್ಷಿಗೆ ಉದುರುತ್ತದೆ, ಹೊಳೆಯುವ ಕರಿ ಅಂಟು ಸುಲಭಕ್ಕೆ ಬಿಡುವುದಿಲ್ಲ, ಬೆಂಕಿ ಹಿಡಿಯುವುದೂ ಅದೇ. ಕೊಳವೆಯಿಂದ ಲಾರಿ ಏರು ಹತ್ತುವಂಥ ಮೊರೆತ, ತುದಿಯಲ್ಲಿ ಕಿಡಿ ಕಂಡರೆ ಒಳಗೆ ಉರಿಯುತ್ತಿದೆ ಎಂದರ್ಥ.

ಪದರ 3 ಮಿಲಿಮೀಟರ್ ದಾಟುವ ಮೊದಲು ತೆಗೆಯಬೇಕು. ಮಲೆನಾಡಿನಲ್ಲಿ ಮಳೆಗೆ ಮುಂಚೆ ಒಮ್ಮೆ, ಮಳೆ ನಡುವೆ ಹೊಳವಾದಾಗ ಒಮ್ಮೆ. ಒಲೆ ಆರಿ ಒಂದು ದಿನ ಕಳೆದ ಮೇಲೆ, ಒಲೆ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಹಗ್ಗಕ್ಕೆ ಬ್ರಷ್ ಅಥವಾ ಗೋಣಿ ಸುತ್ತಿದ ಕಟ್ಟು, ಅದರ ಕೆಳಗೆ ಭಾರ ಕಟ್ಟಿ, ಮೇಲಿನಿಂದ ಇಳಿಬಿಟ್ಟು ಎಳೆದಾಡಬೇಕು. ಹೆಂಚಿನ ಮಾಡು ಹತ್ತಲು ಅಭ್ಯಾಸವಿದ್ದವರನ್ನೇ ಕರೆಸಿ, ಪಾಚಿ ಕಟ್ಟಿದ ಹೆಂಚು ಕಾಲು ನಿಲ್ಲಿಸುವುದಿಲ್ಲ. ಕೊಳವೆ ಪಕಾಸಿ, ರೀಪುಗಳ ನಡುವೆ ಹಾಯುವಲ್ಲಿ ಮರ ಸುಟ್ಟು ಕಪ್ಪಾಗಿದೆಯೇ ನೋಡಿ. ಸುತ್ತಲೂ ಸಾಕಷ್ಟು ಅಂತರ ಬೇಕು, ಅಲ್ಲಿ ಜೇಡರಬಲೆ, ತರಗೆಲೆ ಸೇರಬಾರದು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಸುಧಾರಿತ ಸೌದೆ ಒಲೆಯಾದ ಅಸ್ತ್ರ ಒಲೆ ನಿಮ್ಮಲ್ಲಿದ್ದರೆ, ಕೊಳವೆಯ ಜೊತೆಗೆ ಪಾತ್ರೆ ಕುಳಿಗಳ ನಡುವಿನ ಹೊಗೆದಾರಿಯ ಬೂದಿಯನ್ನೂ ತೆಗೆಯುತ್ತಿರಬೇಕು. ಒಲೆ ಬಾಯಿಂದ ಹೊಗೆ ಕಾರುತ್ತಿದ್ದರೆ ಹೆಚ್ಚಾಗಿ ಕಟ್ಟಿರುವುದು ಅಲ್ಲೇ.

ಹಳೆಯ ಬೂದುಬಣ್ಣದ ಸಿಮೆಂಟ್ ಕೊಳವೆಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಒಣಗೆರೆಯುವುದು, ಕೊರೆಯುವುದು, ಒಡೆಯುವುದು ಬೇಡ, ಧೂಳು ಶ್ವಾಸಕೋಶಕ್ಕೆ ಮಾರಕ. ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಜಾಗಕ್ಕೆ ಲೋಹದ ಕೊಳವೆ ನಿಲ್ಲಿಸಿ. ಅದರ ತುದಿ ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲಿದ್ದರೆ ಹೊಗೆ ಹಿಂದಕ್ಕೆ ಬೀಳುವುದಿಲ್ಲ.